ನೆಲ ಮುಟ್ಟಿದ ಚೆಂಡು

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯಲು ನಿಂತರೆ ಸಾಕು, ಯಾರಾದರೂ ಒಬ್ಬ ಹಿರಿಯರು ಕೆಣಕಿಯೇ ಕೆಣಕುತ್ತಾರೆ. "ಅಲ್ಲಮ್ಮಾ, ಉಳಿದೋರೆಲ್ಲ ಬಿಸ್ಲಲ್ಲಿ ಓಡಿ ಓಡಿ ಸಾಯ್ತಿದ್ರು, ನೀನೊಬ್ಳು ಎರಡು ಕಂಬದ ಮಧ್ಯೆ ನಿಂತಿರ್ತಿದ್ದೆ. ನಿಂತಿದ್ದಕ್ಕೂ ಸಂಬಳ ಕೊಡ್ತಿದ್ರಾ?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆಡುವಾಗಲೂ ಹಾಗೇ, ಈಗಲೂ ಹಾಗೇ. "ಒಂದಿನ ಬಂದು ನಿಂತ್ಕೊಳಿ ತಾತಾ, ಆಮೇಲೆ ಸಂಬಳದ ಮಾತಾಡಣ" ಅನ್ನುತ್ತೇನೆ. ಅವರು ನಗುತ್ತಾರೆ. ಟೀ ಅಂಗಡಿಯವನು ನನ್ನ ಹತ್ತಿರ ಕಾಸು ತೆಗೆದುಕೊಳ್ಳುವುದಿಲ್ಲ. ಟಿವಿಯಲ್ಲಿ ನನ್ನನ್ನು ನೋಡಿದ್ದಾನಂತೆ.

ಹೌದು, ಟಿವಿಯಲ್ಲಿ ಬಂದಿದ್ದೇನೆ. ಫುಟ್‌ಬಾಲನ್ನು ಬೆಂಗಳೂರಿನಲ್ಲಿ ಆಡಿದ್ದೇನೆ, ಕೇರಳದಲ್ಲಿ ಆಡಿದ್ದೇನೆ, ಗೋವಾದಲ್ಲಿ ಮಳೆಯಲ್ಲಿ ನೆಂದುಕೊಂಡು ಗೋಲು ಕಾದಿದ್ದೇನೆ, ದೇಶದ ಹೆಸರಿರುವ ಅಂಗಿಯನ್ನೂ ಹಾಕಿಕೊಂಡಿದ್ದೇನೆ. ಎಡಗೈಯ ಕಿರುಬೆರಳು ಮೂರು ಸಲ ಮುರಿದು ಈಗ ನೆಟ್ಟಗೆ ನಿಲ್ಲುವುದಿಲ್ಲ. ಬಲಮೊಣಕಾಲು ಮೆಟ್ಟಿಲು ಕಂಡರೆ ಗೊಣಗುತ್ತದೆ. ಹೋದ ವರ್ಷ ಆಟ ಬಿಟ್ಟೆ. ಬಿಡುವಾಗ ಅಳಲಿಲ್ಲ. ಹೊಟ್ಟೆ ತುಂಬಾ ಉಂಡವರು ಎಲೆಯ ಮುಂದಿನಿಂದ ಎದ್ದ ಹಾಗೆ ಎದ್ದು ಬಂದೆ. ಇದನ್ನೆಲ್ಲ ಜಂಬ ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಗೆದ್ದದ್ದನ್ನು ತಲೆ ತಗ್ಗಿಸಿಕೊಂಡು ಹೇಳುವುದು ನನಗೆ ಬರುವುದಿಲ್ಲ.

ಆದರೆ ಇದೆಲ್ಲ ಶುರುವಾಗುವ ಮೊದಲೇ ಮುಗಿದುಹೋಗುವುದರಲ್ಲಿತ್ತು. ಮೊದಲನೇ ವರ್ಷವೇ ನನ್ನನ್ನು ಊರಿಗೆ ಕಳಿಸುವವರಿದ್ದರು. ಕಾರಣ ಕೇಳಿದರೆ ಬೇರೆ ಊರಿನವರು ನಂಬುವುದಿಲ್ಲ. ನಮ್ಮ ಕಡೆಯವರಿಗೆ ಹೇಳಿದರೆ, "ಹೌದಲ್ವಾ ಮತ್ತೆ, ಇನ್ನೇನ್ ಮಾಡ್ತಾರೆ?" ಅನ್ನುತ್ತಾರೆ.

ನಮ್ಮ ಊರು ಶ್ರೀನಿವಾಸಪುರಕ್ಕೂ ಮುಳಬಾಗಿಲಿಗೂ ನಡುವೆ. ಸುತ್ತ ಎತ್ತ ನೋಡಿದರೂ ಮಾವಿನ ತೋಪು. ನಮ್ಮಪ್ಪ ಮಾವು ಕೊಯ್ಯುವ ಗುಂಪಿನ ಮೇಸ್ತ್ರಿ. ಅವರಿಗೆ ಸ್ವಂತ ತೋಪಿರಲಿಲ್ಲ, ಆದರೆ ಆ ಸೀಮೆಯ ಯಾವ ಮರದ ಯಾವ ಕೊಂಬೆ ಎಷ್ಟು ಭಾರ ತಡೆಯುತ್ತದೆ ಅನ್ನುವುದು ಗೊತ್ತಿತ್ತು. ಕೆಳಗಿನ ಕೊಂಬೆಗಳ ಕಾಯಿಯನ್ನು ಜಾಲರಿ ಕಟ್ಟಿದ ಗಳದಿಂದ ಕೊಯ್ಯುತ್ತಾರೆ. ಗಳ ಎಟುಕದ ತುದಿಯ ಕಾಯಿಗೆ ಮರ ಹತ್ತಲೇಬೇಕು. ಮೇಲಿರುವವರು ಕೊಯ್ದು ಕೆಳಕ್ಕೆ ಎಸೆಯುತ್ತಾರೆ, ಕೆಳಗಿರುವವರು ಹಿಡಿಯಬೇಕು. ಬೇರೆ ಗುಂಪುಗಳಲ್ಲಿ ಇಬ್ಬರು ಗೋಣಿಚೀಲ ಅಗಲಿಸಿ ಹಿಡಿಯುತ್ತಾರೆ. ನಮ್ಮಪ್ಪನ ಮರದ ಕೆಳಗೆ ಮಾತ್ರ ಅಮ್ಮ ಮತ್ತು ನಾನು, ಬರಿಗೈಯಲ್ಲಿ.

ಕಾಯಿಯನ್ನು ಗಟ್ಟಿಯಾಗಿ ಹಿಡಿದರೆ ಬೆರಳಿನ ಗುರುತು ಬೀಳುತ್ತದೆ. ಅದು ಬರುವ ದಾರಿಯಲ್ಲೇ ಕೈಯನ್ನು ಹಿಂದಕ್ಕೆ ತಂದು, ಹೊಟ್ಟೆಗೆ ಅವಚಿಕೊಳ್ಳಬೇಕು. ಎಳೆ ಮಗುವನ್ನು ಒಬ್ಬರ ಕೈಯಿಂದ ಇನ್ನೊಬ್ಬರು ತೆಗೆದುಕೊಳ್ಳುತ್ತಾರಲ್ಲ, ಹಾಗೆ. ಇದನ್ನು ನಾನು ಮಗ್ಗಿ ಕಲಿಯುವ ಮೊದಲೇ ಕಲಿತೆ. ತೋತಾಪುರಿ ಹೇಗೆ ತಿರುಗುತ್ತಾ ಬರುತ್ತದೆ, ಬಾದಾಮಿ ಹೇಗೆ ನೆಟ್ಟಗೆ ಬರುತ್ತದೆ ಎಂದು ಕೈಗೇ ಗೊತ್ತಾಗುತ್ತಿತ್ತು.

ಇದರ ಜೊತೆಗೆ ಇನ್ನೊಂದು ಕಟ್ಟಳೆಯಿತ್ತು. ಕೈತಪ್ಪಿ ನೆಲಕ್ಕೆ ಬಿದ್ದ ಕಾಯಿಯ ತಂಟೆಗೆ ಹೋಗಬಾರದು. ಮೇಲೆ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಏಟು ಬಿದ್ದ ಜಾಗ ಒಳಗೊಳಗೇ ಕಪ್ಪಾಗಿ, ಅದರ ಪಕ್ಕದ ಕಾಯಿಗಳನ್ನೂ ಕೆಡಿಸುತ್ತದೆ. ಅದಕ್ಕಿಂತ ದೊಡ್ಡ ಭಯ ಬೇರೆ. ಬಿದ್ದದ್ದನ್ನು ಎತ್ತಲು ಬಗ್ಗಿದರೆ ಮೇಲಿನಿಂದ ಬರುವ ಮುಂದಿನ ಕಾಯಿ ನೇರ ತಲೆಯ ಮೇಲೆ. ಅಮ್ಮ ಮದುವೆಯಾದ ಹೊಸದರಲ್ಲಿ ಹೀಗೇ ಒಮ್ಮೆ ಬಗ್ಗಿ, ನೆತ್ತಿಗೆ ಏಟು ತಿಂದು ಕಣ್ಣು ಕತ್ತಲೆ ಬಂದು ಕೂತಿದ್ದರಂತೆ. ಅಪ್ಪ ಮರದ ಮೇಲಿಂದ ಕೂಗುತ್ತಲೇ ಇರುತ್ತಿದ್ದರು. "ಬಿದ್ದಿದ್ದ ನೋಡಬೇಡ್ರೇ, ಮೇಲೆ ನೋಡ್ರಿ! ಪೈನ ಚೂಡಂಡಿ!" ನಮ್ಮ ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಯಾವ ಭಾಷೆಯಲ್ಲಿ ಬೈದರೂ ಅರ್ಥವಾಗುತ್ತಿತ್ತು. ಕಾಯಿ ನೆಲಕ್ಕೆ ಪಟ್ ಅಂದ ಸದ್ದು ಕೇಳಿದರೆ ಸಾಕು, ನನ್ನ ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು.

ಪಿಯುಸಿ ಮುಗಿದ ಮೇಲೆ ನರಸಾಪುರದ ಫ್ಯಾಕ್ಟರಿಗೆ ಸೇರಿದೆ. ಕಂಪನಿ ಬಸ್ಸು ನಮ್ಮ ಕ್ರಾಸಿಗೇ ಬರುತ್ತಿತ್ತು. ಸಣ್ಣ ಸಣ್ಣ ಬಿಡಿಭಾಗ ಜೋಡಿಸುವ ಕೆಲಸ, ಸಾಲಾಗಿ ಹುಡುಗಿಯರು, ತಲೆಗೆ ಟೋಪಿ, ಕೈಗೆ ಗ್ಲೌಸು. ನಮ್ಮ ಸಾಲಿನ ಲೀಡರ್ ಮಾಲೂರು ಕಡೆಯ ಹೆಂಗಸು. ನಾವೆಲ್ಲ ಅವರನ್ನು ಅಕ್ಕ ಅನ್ನುತ್ತಿದ್ದೆವು. ದಪ್ಪ ದನಿ, ಅದಕ್ಕಿಂತ ದಪ್ಪ ನಗು. ಕೆಲಸದಲ್ಲಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ತಪ್ಪು ಮಾಡಿದರೆ ಎಲ್ಲರ ಮುಂದೆ ಜಾಡಿಸುತ್ತಿದ್ದರು, ಆಮೇಲೆ ತಮ್ಮ ಡಬ್ಬಿಯ ಚಿತ್ರಾನ್ನ ನಮ್ಮ ತಟ್ಟೆಗೆ ಹಾಕುತ್ತಿದ್ದರು.

ಒಂದು ವರ್ಷ ಫ್ಯಾಕ್ಟರಿಗಳ ಹೆಣ್ಣುಮಕ್ಕಳಿಗೆಂದು ಕೋಲಾರದಲ್ಲಿ ಫುಟ್‌ಬಾಲ್ ಪಂದ್ಯ ಇಟ್ಟರು. ಅಕ್ಕ ನಮ್ಮ ಸಾಲಿನ ಹುಡುಗಿಯರ ಹೆಸರನ್ನೇ ಬರೆಸಿಬಿಟ್ಟರು. ನಾವ್ಯಾರೂ ಫುಟ್‌ಬಾಲ್ ಆಡಿದವರಲ್ಲ. ನಾನು ಎಲ್ಲರಿಗಿಂತ ಉದ್ದ ಇದ್ದೆ. "ನೀನು ಹಿಂದೆ ನಿಂತ್ಕೊಳ್ಳೇ. ಬಂದಿದ್ದ ಹಿಡ್ಕೊ, ಅಷ್ಟೇ" ಅಂದರು ಅಕ್ಕ. ಅಷ್ಟೇ ನನಗೆ ಸಿಕ್ಕ ತರಬೇತಿ.

ನಮ್ಮ ಕಡೆಯ ಆಟವೆಂದರೆ ಎಲ್ಲರೂ ಆಕಾಶ ನೋಡಿ ಒದೆಯುವುದು. ಎಲ್ಲ ಚೆಂಡೂ ಮೇಲಿನಿಂದಲೇ ಬರುತ್ತಿತ್ತು. ಅಯ್ಯೋ, ಮಾವಿನಕಾಯಿಯ ಮುಂದೆ ಫುಟ್‌ಬಾಲ್ ಎಂದರೆ ಕುಂಬಳಕಾಯಿ ಗಾತ್ರ, ಅದನ್ನು ಬಿಡುವುದು ಹೇಗೆ? ಬಂದದ್ದನ್ನೆಲ್ಲ ಹೊಟ್ಟೆಗೆ ಅವಚಿಕೊಂಡೆ. ಕಪ್ ಗೆದ್ದೆವು. ಅಕ್ಕ ಮೈದಾನದೊಳಗೆ ಓಡಿಬಂದು ನನ್ನನ್ನು ಎತ್ತಿಕೊಂಡೇಬಿಟ್ಟರು.

ಆ ದಿನ ಬಹುಮಾನ ಕೊಡಲು ಬೆಂಗಳೂರಿನ ಒಂದು ಕ್ಲಬ್ಬಿನ ಕೋಚ್ ಬಂದಿದ್ದರು. ಹಿಂದೆ ತಾವೂ ಗೋಲ್‌ಕೀಪರ್ ಆಗಿದ್ದವರು, ತಲೆ ನರೆತಿತ್ತು, ಮಾತು ಕಮ್ಮಿ. ನನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಎಲ್ಲಿ ಕಲಿತೆ?" ಅಂದರು. "ಮರದ ಕೆಳಗೆ ಸಾರ್" ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ. ಆದರೆ ಮುಂದಿನ ಭಾನುವಾರ ಬೆಂಗಳೂರಿಗೆ ಬರಲು ಹೇಳಿದರು. ಸಂಬಳ ಕೊಟ್ಟು ಆಡಿಸುವ ಕ್ಲಬ್ಬು ಅದು. ಆಟಕ್ಕೆ ಸಂಬಳವೂ ಉಂಟು ಎಂದು ನನಗೆ ಗೊತ್ತಾದದ್ದೇ ಆಗ.

ಭಾನುವಾರ ಹೋದೆ. ಹಸಿರು ಹುಲ್ಲಿನ ಮೈದಾನ. ಅದರ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯಲು ನನಗೆ ಮನಸ್ಸು ಬರಲಿಲ್ಲ. ಕೋಚ್ ಮೂಲೆಯಿಂದ ಎತ್ತರದ ಚೆಂಡುಗಳನ್ನು ಒದೆಸಿದರು. ಒಂದನ್ನೂ ಬಿಡಲಿಲ್ಲ. ಸುತ್ತ ನಿಂತಿದ್ದ ಹುಡುಗಿಯರು ಆಡುವುದನ್ನು ನಿಲ್ಲಿಸಿ ನನ್ನನ್ನು ನೋಡತೊಡಗಿದರು. ನನಗೆ ಒಳಗೇ ಖುಷಿ ಉಕ್ಕುತ್ತಿತ್ತು. ಆಮೇಲೆ ಕೋಚ್ ತಾವೇ ಒಂದು ಚೆಂಡನ್ನು ಮೆಲ್ಲಗೆ ನನ್ನ ಕಡೆ ಒದ್ದರು. ಅದು ನನ್ನ ಮುಂದೆ ಒಮ್ಮೆ ಪುಟಿಯಿತು. ನಾನು ಕೈ ಇಳಿಬಿಟ್ಟು ನಿಂತೆ. ಚೆಂಡು ನನ್ನ ಕಾಲಿನ ಪಕ್ಕದಿಂದ ನಿಧಾನವಾಗಿ ಉರುಳಿ ಗೋಲಿನೊಳಗೆ ಹೋಯಿತು. ಆ ಹೊತ್ತಿನಲ್ಲಿ ನಾನು ಆಕಾಶ ನೋಡುತ್ತಿದ್ದೆ.

ಕೋಚ್ ಹತ್ತಿರ ಬಂದರು. "ಯಾಕಮ್ಮಾ ಬಿಟ್ಟೆ?"

"ಕೆಳಗೆ ಬಿತ್ತಲ್ಲ ಸಾರ್."

"ಬಿದ್ರೆ?"

"ಬಿದ್ದಿದ್ದು ಯಾರಿಗ್ ಬೇಕು ಸಾರ್?"

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳಂತೂ ಹುಲ್ಲಿನ ಮೇಲೆ ಕೂತೇಬಿಟ್ಟಳು. ಕೋಚ್ ಮಾತ್ರ ನಗಲಿಲ್ಲ. ಮತ್ತೆ ಒಂದು ಒದ್ದರು, ಮತ್ತೆ ಒಂದು. ಪ್ರತಿ ಸಲವೂ ಚೆಂಡು ನೆಲ ಮುಟ್ಟಿದ ತಕ್ಷಣ ನನ್ನ ಕಣ್ಣು ಮೇಲಕ್ಕೆ ಹಾರುತ್ತಿತ್ತು. ಆಗಷ್ಟೇ ನನಗೂ ಅದು ಗೊತ್ತಾಯಿತು. ಮೈಯೊಳಗೆ ಅಪ್ಪನ ಕೂಗು ಅಷ್ಟು ಆಳಕ್ಕೆ ಇಳಿದಿದೆ ಎಂದು ಯಾರಿಗೆ ಗೊತ್ತಿತ್ತು?

ಮರ, ಕಾಯಿ, ಕಟ್ಟಳೆ ಎಲ್ಲವನ್ನೂ ಕೋಚಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು. "ಮೇಲಿನ ಬಾಲಿಗೆ ನಿನ್ನಂಥ ಕೈ ನಾನು ನೋಡಿಲ್ಲ. ಅದಕ್ಕೇ ತಗೋತೀನಿ, ಎರಡನೇ ಕೀಪರ್ ಆಗಿ, ಈ ಸೀಸನ್ ಮಟ್ಟಿಗೆ. ಸೀಸನ್ ಮುಗಿಯೋ ಹೊತ್ತಿಗೆ ನೆಲದ ಬಾಲನ್ನೂ ಹಿಡಿದರೆ ಉಳೀತೀಯ. ಇಲ್ಲ ಅಂದ್ರೆ ಊರಿಗೆ ಹೋಗ್ತೀಯ. ಇದರಲ್ಲಿ ಮುಲಾಜಿಲ್ಲ."

ಫ್ಯಾಕ್ಟರಿ ಬಿಡಬೇಕಾಗಿತ್ತು. ನಾನು ಹೆದರಿದೆ. ಪಕ್ಕಾ ಕೆಲಸ ಬಿಟ್ಟು, ಚೆಂಡು ಪುಟಿದರೆ ಆಕಾಶ ನೋಡುವವಳು ಎಲ್ಲಿಗೆ ಹೋಗುವುದು? ಅಕ್ಕನ ಹತ್ತಿರ ಹೋಗಿ ನಿಂತೆ. ಅವರು ಕೈಯಲ್ಲಿದ್ದ ಕೆಲಸ ಬಿಡದೆ ಹೇಳಿದರು. "ಹೋಗೇ. ನಿನ್ನ ಜಾಗ ಎಲ್ಲೂ ಓಡ್ಹೋಗಲ್ಲ. ನಾನಿರೋವರೆಗೂ ಅದನ್ನ ಖಾಲಿ ಇಟ್ಟಿರ್ತೀನಿ. ಸೀಸನ್ ಮುಗಿಸಿ, ಆಗ್ಲಿಲ್ಲ ಅಂದ್ರೆ ಬಾ." ಆ ಒಂದು ಮಾತಿನ ಧೈರ್ಯದ ಮೇಲೆ ನಾನು ಬಟ್ಟೆಬರೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ದಿನಾ ಬೆಳಿಗ್ಗೆ ಕೋಚ್ ನೆಲಕ್ಕೆ ಪುಟಿಸಿ ಪುಟಿಸಿ ಒದೆಯುತ್ತಿದ್ದರು. ನಾನು ಕಣ್ಣನ್ನು ಕೆಳಗೇ ಇಡುತ್ತೇನೆ ಎಂದು ಹಲ್ಲುಕಚ್ಚಿ ನಿಲ್ಲುತ್ತಿದ್ದೆ. ಯೋಚನೆ ಮಾಡಿದರೆ ಆಗುತ್ತಿತ್ತು. ಆದರೆ ಯೋಚನೆ ಮಾಡುವಷ್ಟರಲ್ಲಿ ಚೆಂಡು ಹೋಗಿಬಿಡುತ್ತಿತ್ತು. ಗೋಲಿನಲ್ಲಿ ಯೋಚನೆ ಮಾಡಲು ಪುರುಸೊತ್ತು ಇರುವುದಿಲ್ಲ. ಮೈಗೇ ಗೊತ್ತಿರಬೇಕು. ನನ್ನ ಮೈಗೆ ಗೊತ್ತಿದ್ದದ್ದು ತಪ್ಪು ಪಾಠ.

ಒಂದು ಲೀಗ್ ಪಂದ್ಯದಲ್ಲಿ ನಾವು ಚೆನ್ನಾಗಿ ಮುಂದಿದ್ದೆವು. ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಇದೆ ಎನ್ನುವಾಗ ಕೋಚ್ ನನ್ನನ್ನು ಮೈದಾನಕ್ಕೆ ಇಳಿಸಿದರು. ಎದುರಿನವರು ದೂರದಿಂದ ಸುಮ್ಮನೆ ಒದ್ದ ಚೆಂಡು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಚೆಂಡು, ನನ್ನ ಮುಂದೆ ಪುಟಿಯಿತು. ನಾನು ಮೇಲೆ ನೋಡಿದೆ. ಗೋಲು. ಗ್ಯಾಲರಿಯಲ್ಲಿದ್ದ ಯಾರೋ ಕೂಗಿದ. "ಏನ್ ಮೇಡಂ, ವಿಮಾನ ಹೋಯ್ತಾ?" ಇಡೀ ಗ್ಯಾಲರಿ ನಕ್ಕಿತು. ಪಂದ್ಯ ಗೆದ್ದೆವು, ಆದರೆ ನನಗೆ ಅನ್ನ ಇಳಿಯಲಿಲ್ಲ. ಅವನನ್ನು ಹುಡುಕಿ ಎರಡು ಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂತು. ಅವನ ಮೇಲಲ್ಲ, ನನ್ನ ಕಣ್ಣಿನ ಮೇಲೆ.

ಮಾರನೇ ದಿನ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಆಗಲ್ಲ. ಬರ್ತೀನಿ. ನನ್ನ ಜಾಗ ಇದೆ ಅಲ್ವಾ?"

"ಇದೆ ಕಣೇ, ಎಲ್ಲಿಗೋಗತ್ತೆ? ಆದ್ರೆ ಈಗ ಬರಬೇಡ. ಸೀಸನ್ ಮುಗಿಸು ಅಂದಿದ್ನಲ್ಲ? ಮಧ್ಯದಲ್ಲಿ ಬಂದ್ರೆ ಒಳಗ್ ಬಿಡಲ್ಲ ನೋಡು." ಫೋನ್ ಇಟ್ಟುಬಿಟ್ಟರು. ಅವರ ಮೇಲೂ ಕೋಪ ಬಂತು. ಆದರೆ ಜಾಗ ಇದೆ ಅನ್ನುವ ಮಾತು ಕೇಳಿ ಸ್ವಲ್ಪ ನಿದ್ದೆ ಬಂತು.

ಅಷ್ಟರಲ್ಲಿ ಲೀಗಿಗೆ ಕೆಲವು ದಿನ ಬಿಡುವು ಸಿಕ್ಕಿತು. ಕೋಚ್ ನನ್ನನ್ನು ಕರೆದರು. "ಊರಿಗೆ ಹೋಗಿ ಬಾ. ಎಲ್ಲಿ ಗಂಟು ಬಿತ್ತೋ ಅಲ್ಲೇ ಬಿಚ್ಚಕ್ಕಾಗತ್ತಾ ನೋಡು."

ಊರಿಗೆ ಹೋದಾಗ ಬೇಸಿಗೆಯ ಮೊದಲ ಗಾಳಿಮಳೆ ಹೊಡೆದು ತೋಪಿನ ತುಂಬಾ ಹಸಿಕಾಯಿ ಉದುರಿದ್ದವು. ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ಅಪ್ಪ ಅಮ್ಮ ಉದುರಿದ ಕಾಯನ್ನು ಒಂದು ಕಡೆ ರಾಶಿ ಹಾಕುತ್ತಿದ್ದರು. ಉಪ್ಪಿನಕಾಯಿಗೆ ಅಲ್ಲದೆ ಬೇರೆ ಯಾವುದಕ್ಕೂ ಬಾರದ ಕಾಯಿ. ನಾನು ಅಪ್ಪನ ಮುಂದೆ ನಿಂತು ಹೇಳಿದೆ. "ಅಪ್ಪಾ, ಇದನ್ನ ತಗೊಂಡು ನನ್ನ ಮುಂದೆ ನೆಲಕ್ಕೆ ಎಸಿ. ಎಗರಿ ಬಂದಿದ್ದನ್ನ ನಾನು ಹಿಡೀತೀನಿ."

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪಿಚ್ಚಿ ಪಟ್ಟಿಂದಾ ನೀಕು? ಹುಚ್ಚಾ ನಿಂಗೆ? ಕಾಯನ್ನ ನೆಲಕ್ ಹಾಕೋದಾ?"

"ಉದುರಿರೋ ಕಾಯಲ್ವಾ, ಇನ್ನೇನ್ ಕೆಡತ್ತೆ?"

"ಉದುರಿದ್ದೇ ಬೇರೆ, ನಾನು ಹಾಕೋದೇ ಬೇರೆ."

ಗೋಗರೆದೆ, ಕೂಗಾಡಿದೆ, ಕೆಲಸ ಹೋಗುತ್ತದೆ ಅಂದೆ. ಕೊನೆಗೆ ಅವರು ಒಂದು ಕಾಯಿ ಕೈಗೆತ್ತಿಕೊಂಡರು. ಕೈ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಕಾಯಿ ಮಾತ್ರ ನೆಟ್ಟಗೆ ನನ್ನ ಹೊಟ್ಟೆಯ ಹತ್ತಿರಕ್ಕೆ ತೇಲಿಕೊಂಡು ಬಂತು. ಇನ್ನೊಂದು ಎಸೆದರು. ಅದೂ ಹಾಗೇ. ಮತ್ತೊಂದು. ಅವರ ಹಣೆಯಲ್ಲಿ ಬೆವರು ಬಂತು. ಪಾಪ, ಅವರು ಬೇಕೆಂದು ಮಾಡುತ್ತಿರಲಿಲ್ಲ. ಜೀವಮಾನವಿಡೀ ಕಾಯನ್ನು ಕಾಪಾಡಿದ ಕೈ ಅದನ್ನು ನೆಲಕ್ಕೆ ಹೊಡೆಯಲು ಒಪ್ಪುತ್ತಿರಲಿಲ್ಲ. ನನ್ನ ಕಣ್ಣು ಹೇಗೋ ಅವರ ಕೈ ಹಾಗೆ. ಅದನ್ನು ನೋಡಿ ನನಗೆ ಸಿಟ್ಟೆಲ್ಲ ಇಳಿದು ಅಳು ಬಂತು. ಇನ್ನು ಫ್ಯಾಕ್ಟರಿಯೇ ಗತಿ ಎಂದು ಅಲ್ಲೇ ಕೂತೆ.

ಆಗ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ಲೇ, ಎದ್ದೇಳೇ. ನಾನ್ ಎಸೀತೀನಿ ಬಾ."

"ನೀನಾ?" ಅಂದರು ಅಪ್ಪ.

"ಯಾಕೆ, ನನಗೆ ಕೈಯಿಲ್ವಾ? ಇಷ್ಟ್ ವರ್ಷ ಹಿಡ್ದು ಹಿಡ್ದು ಸಾಕಾಗಿದೆ ನನಗೆ. ಒಂದಿನಾನಾದ್ರೂ ಕೆಳಗ್ ಹಾಕ್ಬೇಕು ಅಂತ ಆಸೆ ಇತ್ತು."

ಮೊದಲನೇ ಕಾಯನ್ನು ಅಮ್ಮ ಎಂಥ ಜೋರಿನಲ್ಲಿ ನೆಲಕ್ಕೆ ಹೊಡೆದರೆಂದರೆ ಅದು ಎಗರಿ ಅಪ್ಪನ ಮೊಣಕಾಲಿಗೆ ಬಡಿಯಿತು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಎರಡನೆಯದು, ಮೂರನೆಯದು, ಆಮೇಲೆ ನಿಲ್ಲಿಸಲೇ ಇಲ್ಲ. ನಾನು ಮೇಲೆ ನೋಡಿದಾಗಲೆಲ್ಲ ಕಾಯಿ ಮೊಣಕಾಲಿನ ಕೆಳಗೆ, ಕಣಕಾಲಿಗೆ, ಕಾಲ್ಬೆರಳಿಗೆ ಬಂದು ಬಡಿಯುತ್ತಿತ್ತು. "ಮೇಲ್ ಏನೈತೆ ಅಲ್ಲಿ? ಕೆಳಗ್ ನೋಡೇ! ನಾನ್ ಕೆಳಗಿದೀನಿ!" ಎಂದು ಅಮ್ಮ ಬೈಯುತ್ತಾ ಎಸೆಯುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ತಲೆ ಚಚ್ಚಿಕೊಂಡರು. ಆಮೇಲೆ ತಾವೇ ರಾಶಿಯಿಂದ ಕಾಯಿ ಆರಿಸಿ ಆರಿಸಿ ಅಮ್ಮನ ಕೈಗೆ ಕೊಡತೊಡಗಿದರು. ಗುಂಡಗಿರುವುದನ್ನೇ ಕೊಡುತ್ತಿದ್ದರು, ಅದು ಚೆನ್ನಾಗಿ ಪುಟಿಯುತ್ತದೆಂದು.

ಇದ್ದಷ್ಟು ದಿನವೂ ಬೆಳಿಗ್ಗೆ ಸಂಜೆ ಇದೇ ಕೆಲಸ. ಏಟು ತಿಂದು ತಿಂದು ಕಾಲೆಲ್ಲ ನೀಲಿಯಾಯಿತು. ಎಂದು, ಯಾವ ಕಾಯಿಗೆ ಎಂದು ಹೇಳಲಾರೆ, ಆದರೆ ಒಂದು ಹೊತ್ತಿನಲ್ಲಿ ಕಾಯಿ ಪುಟಿದ ಮೇಲೂ ನನ್ನ ಕಣ್ಣು ಅದರ ಹಿಂದೆಯೇ ಇದ್ದದ್ದು ಅಮ್ಮನಿಗೆ ಮೊದಲು ಕಂಡಿತು. ಅವರು ಎಸೆಯುವುದನ್ನು ನಿಲ್ಲಿಸಿದರು. "ಆಯ್ತಲ್ಲೇ!" ಅಂದರು. ಅಮ್ಮನಿಗೆ ಫುಟ್‌ಬಾಲ್ ಎಂದರೆ ಏನೆಂದು ಇಂದಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ಮೊದಲ ನಿಜವಾದ ಕೋಚ್ ಮಾತ್ರ ಅವರೇ.

ಬೆಂಗಳೂರಿಗೆ ವಾಪಸು ಹೋದ ಮೇಲೂ ಪೂರ್ತಿ ವಾಸಿಯಾಗಿರಲಿಲ್ಲ. ಹತ್ತು ಚೆಂಡಿಗೆ ಒಂದೆರಡು ಸಲ ಕಣ್ಣು ಇನ್ನೂ ತಪ್ಪಿಸಿಕೊಳ್ಳುತ್ತಿತ್ತು. ಕೋಚ್ ನನ್ನನ್ನು ಪಂದ್ಯಗಳಿಗೆ ಇಳಿಸಲಿಲ್ಲ. ಸೀಸನ್ ಮುಗಿಯುತ್ತಾ ಬಂತು, ತಂಡ ಫೈನಲ್ ತಲುಪಿತು. ನಾನು ಬೆಂಚಿನ ಮೇಲೆ ಕೂತೇ ಇದ್ದೆ, ಮನಸ್ಸಿನಲ್ಲಿ ನರಸಾಪುರದ ಬಸ್ಸು ಕಾಣುತ್ತಿತ್ತು.

ಫೈನಲ್ಲಿಗೆ ಎರಡು ದಿನ ಇರುವಾಗ ಅಭ್ಯಾಸದಲ್ಲಿ ಮೊದಲನೇ ಕೀಪರ್ ಬೆರಳು ಮುರಿದುಕೊಂಡಳು. ತಂಡದಲ್ಲಿ ಉಳಿದ ಕೀಪರ್ ನಾನೊಬ್ಬಳೇ. ಕೋಚ್ ನನ್ನನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದರು. "ನಾನು ಹೇಳಿದ್ದು ನೆನಪಿದೆ ತಾನೇ? ನಾಳಿದ್ದು ಗೊತ್ತಾಗತ್ತೆ."

ಪಂದ್ಯದ ಮಧ್ಯಾಹ್ನ ಬಿಸಿಲು ನೆತ್ತಿ ಸುಡುತ್ತಿತ್ತು. ಎದುರಿನವರಿಗೆ ನನ್ನ ಕಥೆ ಯಾರೋ ಹೇಳಿದ್ದರು. ಶುರುವಿನಿಂದಲೇ ನನ್ನ ಮುಂದೆ ಪುಟಿಯುವ ಹಾಗೆ ಒದೆಯುತ್ತಿದ್ದರು. ಬರಲಿ ಅಂದುಕೊಂಡೆ. ಒಂದು ಬಂತು, ಹಿಡಿದೆ. ಇನ್ನೊಂದು ಬಂತು, ಮೈ ಅಡ್ಡ ಹಾಕಿ ಹಿಡಿದೆ. ಮೂರನೆಯದಕ್ಕೆ ಕಣ್ಣು ಒಂದು ಚೂರು ಅತ್ತಿತ್ತ ಆಯಿತು, ಅಷ್ಟರಲ್ಲೇ ಗೋಲು. ಗ್ಯಾಲರಿಯಲ್ಲಿ ಮತ್ತೆ ಅದೇ ನಗು. ಆದರೆ ಈ ಸಲ ನಾನು ತಲೆ ತಗ್ಗಿಸಲಿಲ್ಲ. ಚೆಂಡನ್ನು ನಾನೇ ಬಲೆಯಿಂದ ತೆಗೆದು ನಡುಗೆರೆಗೆ ಒದ್ದೆ. ನಮ್ಮವರೂ ಒಂದು ಗೋಲು ಹೊಡೆದರು. ಆಟ ಸಮವಾಗಿ ಮುಗಿದು ಪೆನಾಲ್ಟಿಗೆ ಹೋಯಿತು. ಅಂದರೆ ಎರಡೂ ಕಡೆಯವರು ಒಬ್ಬೊಬ್ಬರಾಗಿ ಬಂದು, ಎದುರು ಕೀಪರ್ ಒಬ್ಬಳನ್ನೇ ನಿಲ್ಲಿಸಿ ಒದೆಯುವುದು.

ನಮ್ಮವರು ಎಲ್ಲ ಒದೆತಗಳನ್ನೂ ಗೋಲು ಮಾಡಿದರು. ಅವರೂ ಹಾಗೇ ಮಾಡುತ್ತಾ ಬಂದರು. ಅವರದು ಕೊನೆಯ ಒದೆತ ಉಳಿಯಿತು. ಅದನ್ನು ತಡೆದರೆ ಕಪ್ ನಮ್ಮದು, ಬಹುಶಃ ಕೀಪರ್ ಗ್ಲೌಸೂ ನನ್ನದು.

ಅವರ ನಾಯಕಿ ಬಂದಳು. ಓಡಿಬಂದು ಬಲಕ್ಕೆ, ಎತ್ತರಕ್ಕೆ, ಶಕ್ತಿಯೆಲ್ಲ ಹಾಕಿ ಒದ್ದಳು. ಎತ್ತರದ ಚೆಂಡು! ಅದು ನನ್ನ ಚೆಂಡು. ಹಾರಿದೆ, ಎರಡೂ ಅಂಗೈಗೆ ಬಡಿಯಿತು, ಮೇಲಕ್ಕೆ ಹಾರಿತು. ನಾನು ನೆಲಕ್ಕೆ ಬಿದ್ದೆ. ನಮ್ಮ ಹುಡುಗಿಯರು ಕಿರುಚುತ್ತಾ ನನ್ನ ಕಡೆ ಓಡಿಬರುವುದು ಕೇಳಿಸಿತು. ಒದ್ದವಳು ಮುಖ ಮುಚ್ಚಿಕೊಂಡು ಕೂತಿದ್ದಳು. ಎಲ್ಲರ ಪಾಲಿಗೆ ಆಟ ಮುಗಿದಿತ್ತು.

ಮುಗಿದಿರಲಿಲ್ಲ. ಪೆನಾಲ್ಟಿಯಲ್ಲಿ ಚೆಂಡು ಓಡಾಡುತ್ತಿರುವ ತನಕ ಅದಕ್ಕೆ ಜೀವ ಇರುತ್ತದೆ, ತಡೆದ ಮೇಲೂ ತಾನಾಗಿ ಒಳಗೆ ಹೋದರೆ ಗೋಲೇ. ನಾನು ಮೇಲಕ್ಕೆ ಹಾರಿಸಿದ ಚೆಂಡು ಗರಗರ ತಿರುಗುತ್ತಾ ಗೋಲುಗೆರೆಯ ಮುಂದೆ ನೆಲಕ್ಕೆ ಬಿತ್ತು. ಪಟ್ ಎಂದು ಪುಟಿಯಿತು. ತಿರುಗುವ ಬಿರುಸಿಗೆ ಹೊರಗೆ ಹೋಗುವ ಬದಲು ಹಿಂದಕ್ಕೆ, ಗೋಲಿನ ಕಡೆಗೆ ಹೊರಳಿತು.

ಸಿನಿಮಾದಲ್ಲಾದರೆ ಆಗ ಅಮ್ಮನ ದನಿ ಕಿವಿಯಲ್ಲಿ ಕೇಳಿಸಬೇಕು. ನನಗೆ ಯಾವ ದನಿಯೂ ಕೇಳಿಸಲಿಲ್ಲ. ಯೋಚನೆಯೂ ಬರಲಿಲ್ಲ. ಕಣ್ಣು ಚೆಂಡಿನ ಮೇಲೇ ಇತ್ತು, ಅಷ್ಟೇ. ಮೈ ತಾನೇ ಹೊರಳಿತು. ಮೊಣಕೈ ಊರಿ, ಮುಖ ಹುಲ್ಲಿಗೆ ಉಜ್ಜಿಕೊಂಡು ಹಿಂದಕ್ಕೆ ಎಗರಿದೆ. ಗೆರೆಯ ಮೇಲೆ ಉರುಳುತ್ತಿದ್ದ ಚೆಂಡಿನ ಮೇಲೆ ಕೈ ಬಿತ್ತು. ಎಳೆದು ಹೊಟ್ಟೆಗೆ ಅವಚಿಕೊಂಡು ಸುತ್ತಿಕೊಂಡುಬಿಟ್ಟೆ.

ರೆಫರಿ ಸೀಟಿ ಊದಿದರು. ಹುಡುಗಿಯರೆಲ್ಲ ಮೈಮೇಲೆ ಬಿದ್ದರು. ಹುಲ್ಲಿನ ಮೇಲೆ ಕೂತು ನಕ್ಕಿದ್ದವಳೇ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು. "ಬಾಲ್ ಬಿಡೇ, ಗೆದ್ವಿ ಕಣೇ, ಬಿಡೇ!" ಎಂದು ಎಳೆದರೂ ನಾನು ಬಿಡಲಿಲ್ಲ. ಮೂಗಿನಿಂದ ರಕ್ತ ಸುರಿಯುತ್ತಿತ್ತು, ಬಾಯಿಯಲ್ಲಿ ಮಣ್ಣು, ಆದರೂ ಅಂಥ ಖುಷಿಯನ್ನು ನಾನು ಆಮೇಲೆ ದೇಶದ ಅಂಗಿ ಹಾಕಿದಾಗಲೂ ಕಂಡಿಲ್ಲ. ಗ್ಯಾಲರಿಯ ಕಡೆ ತಿರುಗಿ ಚೆಂಡು ಎತ್ತಿ ತೋರಿಸಿದೆ. ವಿಮಾನದ ಮಾತಾಡಿದವನು ಅಲ್ಲಿದ್ದನೋ ಇಲ್ಲವೋ, ಇದ್ದರೆ ನೋಡಿಕೊಳ್ಳಲಿ ಎಂದು.

ಕೋಚ್ ನಿಧಾನವಾಗಿ ನಡೆದು ಬಂದರು. ಕರವಸ್ತ್ರ ಕೊಟ್ಟು, "ಮೂಗು ಒರೆಸ್ಕೋ" ಅಂದರು. ಆಮೇಲೆ, "ಮುಂದಿನ ವರ್ಷ ನೀನೇ ಮೊದಲನೇ ಕೀಪರ್" ಅಂದರು. ಅಷ್ಟು ಹೇಳಿ ಬೇರೆ ಕಡೆ ತಿರುಗಿಕೊಂಡರು.

ಮೈದಾನದಲ್ಲಿ ನಿಂತೇ ಮೊದಲು ಮನೆಗೆ ಫೋನ್ ಮಾಡಿದೆ. ಅಮ್ಮ ಕೇಳಿ, ಅಪ್ಪನಿಗೆ ಕೂಗಿ ಹೇಳಿ, ಇಬ್ಬರೂ ಒಟ್ಟಿಗೆ ಮಾತಾಡಿ ಏನೂ ಅರ್ಥವಾಗದ ಹಾಗೆ ಮಾಡಿದರು. ಆಮೇಲೆ ಅಕ್ಕನಿಗೆ ಮಾಡಿದೆ. ಶಿಫ್ಟ್ ಬಿಡುವ ಹೊತ್ತು. ಆ ಕಡೆ ಬಸ್ಸುಗಳ ಹಾರನ್, ಹುಡುಗಿಯರ ಗಲಾಟೆ.

"ಅಕ್ಕಾ, ಗೆದ್ವಿ! ನನ್ನ ತಂಡದಲ್ಲೇ ಉಳಿಸ್ಕೊಂಡ್ರು. ನಾನಿನ್ನು ಬರಲ್ಲ. ನನ್ನ ಜಾಗ ಬೇರೆಯವರಿಗೆ ಕೊಟ್ಬಿಡಿ."

ಅಕ್ಕ ಆ ದಪ್ಪ ನಗುವನ್ನು ನಕ್ಕರು. "ಅದನ್ನ ನೀನು ಬಿಟ್ಟು ಹೋದ ವಾರಾನೇ ನಾನು ಕೊಟ್ಬಿಟ್ಟೆ ಕಣೇ. ಮುಳಬಾಗಿಲು ಕಡೆ ಹುಡುಗಿ. ನಿನಗಿಂತ ಚೆನ್ನಾಗಿ ಮಾಡ್ತಾಳೆ."

"ಮತ್ತೆ ನಾನ್ ಫೋನ್ ಮಾಡ್ದಾಗ ಇದೆ ಅಂದ್ರಲ್ಲ?"

"ಇಲ್ಲ ಅಂದಿದ್ರೆ ನೀನು ಕೈಕಾಲ್ ನಡುಗ್ತಾ ಆಡ್ತಿದ್ದೆ. ಬಾ ಅಂದಿದ್ರೆ ಓಡ್ಬಂದ್ಬಿಡ್ತಿದ್ದೆ. ಅದಕ್ಕೆ ಇದೆ, ಆದ್ರೆ ಬರಬೇಡ ಅಂದೆ."

ಅಷ್ಟು ತಿಂಗಳು ನಾನು ನೆಮ್ಮದಿಯಿಂದ ಒರಗಿಕೊಂಡಿದ್ದ ಗೋಡೆ ಅಲ್ಲಿರಲೇ ಇಲ್ಲ. ಬೆನ್ನ ಹಿಂದೆ ಇದ್ದದ್ದು ಇವರ ಒಂದು ಸುಳ್ಳು ಮಾತ್ರ. ಕಣ್ಣು ತುಂಬಿ ಬಂತು, ಜೊತೆಗೆ ಸಿಟ್ಟೂ ನೆತ್ತಿಗೇರಿತು. "ನಿಮಗೇನಾದ್ರೂ ಬುದ್ಧಿ ಇದ್ಯಾ ಅಕ್ಕಾ? ನಾನು ಇವತ್ತು ಸೋತಿದ್ರೆ? ಎಲ್ಲಿಗ್ ಹೋಗ್ಬೇಕಿತ್ತು ನಾನು?" ಎಂದು ಮೈದಾನದ ಮಧ್ಯೆ ನಿಂತು ಬಾಯಿಗೆ ಬಂದ ಹಾಗೆ ಬೈದೆ.

"ಸೋತಿದ್ರೆ ಬೈಸ್ಕೊಳ್ಳಣ ಅಂತ ರೆಡಿಯಾಗಿದ್ದೆ ಕಣೇ" ಅಂದರು ಅಕ್ಕ. "ಗೆದ್ಮೇಲೂ ಬೈತೀಯಲ್ಲೇ!"